ಪಂಚಾಯಿತಿ ಇಲ್ಲದ ಊರಿಗೆ ಅಪ್ಪ ಬಂದಾಗ

2023ರಲ್ಲಿ ಅಪ್ಪ ಆರು ತಿಂಗಳಿಗೆ ಅಂತ ನಮ್ಮ ಮನೆಗೆ, ಅಂದರೆ ಕ್ಯಾಲಿಫೋರ್ನಿಯಾದ ಫ್ರೀಮಾಂಟಿಗೆ ಬಂದಿದ್ದರು. ಊರಲ್ಲಿ ಒಂದು ಅವಧಿಗೆ ಗ್ರಾಮ ಪಂಚಾಯಿತಿ ಸದಸ್ಯರಾಗಿದ್ದವರು. ಎಲ್ಲಿಗೆ ಕರಕೊಂಡು ಹೋದರೂ ಚರಂಡಿ ನೋಡುತ್ತಾರೆ. ಗೋಲ್ಡನ್ ಗೇಟ್ ಸೇತುವೆ ತೋರಿಸಿದೆ, "ಹೂಂ, ಚೆನ್ನಾಗಿದೆ" ಅಂದರು. ಸೂನೋಲ್ ತೋರಿಸಿದೆ, ಕಾರಿನಿಂದ ಇಳಿಯುತ್ತಿದ್ದಂತೆ ಪ್ರಶ್ನೆ ಶುರುವಾಯಿತು.

ಸೂನೋಲ್ ನಮ್ಮ ಮನೆಯಿಂದ ಹೆಚ್ಚು ದೂರ ಇಲ್ಲ. ನೈಲ್ಸ್ ಕಣಿವೆಯ ದಾರಿ ಹಿಡಿದು, ಅಲಮೇಡಾ ಹೊಳೆಯ ಪಕ್ಕದಲ್ಲೇ ತಿರುವು ತಿರುವಾಗಿ ಹೋದರೆ ಗುಡ್ಡಗಳ ನಡುವೆ ಜಾಗ ಸ್ವಲ್ಪ ಬಿಡುವಾಗುತ್ತದೆ. ಉತ್ತರದಿಂದ ಇನ್ನೊಂದು ಹೊಳೆ ಬಂದು ಅಲಮೇಡಾಕ್ಕೆ ಸೇರುವುದು ಅಲ್ಲೇ. ಒಂದು ಸಣ್ಣ ಪೇಟೆಬೀದಿ, ಅಂಚೆ ಕಚೇರಿ, ಎಂಟನೇ ಕ್ಲಾಸಿನವರೆಗೆ ಒಂದು ಶಾಲೆ, ಹಳೆಯ ರೈಲು ನಿಲ್ದಾಣ. ಮಿಕ್ಕ ಮನೆಗಳೆಲ್ಲ ಅಲ್ಲೊಂದು ಇಲ್ಲೊಂದು. ಕಿಲ್ಕೇರ್ ಅನ್ನುವ ಕಡೆ ಅಂತೂ ಹಳ್ಳದ ದಂಡೆಯ ಇಕ್ಕಟ್ಟು ರಸ್ತೆ, ಮರಗಳ ಅಡಿಯಲ್ಲಿ ಮನೆ. ಅಪ್ಪ ಅದನ್ನು ನೋಡಿ "ಇದು ನಮ್ ಕಡೆ ಇದ್ದಂಗೇ ಇದೆ ಮಾರಾಯ" ಅಂದರು. ನಮ್ಮದು ಸಾಗರ ತಾಲೂಕು. ಒಂದು ಮನೆಯವರು ಕೂಗಿದರೆ ಇನ್ನೊಂದು ಮನೆಗೆ ಕೇಳುವುದು ಕಷ್ಟ, ಆದರೂ ಅದನ್ನು ಊರು ಅಂತಲೇ ಕರೆಯುತ್ತೇವೆ.

ಅಂಚೆ ಕಚೇರಿಯ ಹತ್ತಿರ ಒಂದು ನಾಯಿಯ ಪ್ರತಿಮೆ ಇದೆ. ಅಪ್ಪ ನಿಂತು ನೋಡಿದರು.

"ಇದು ಯಾರದು?"

"ಇವರು ಈ ಊರಿನ ಅಧ್ಯಕ್ಷರಾಗಿದ್ರಪ್ಪ."

ನಾನು ತಮಾಷೆ ಮಾಡುತ್ತಿದ್ದೇನೆ ಅಂದುಕೊಂಡರು. ಆದರೆ ಮಾತು ನಿಜವೇ. ಬಾಸ್ಕೋ ಅನ್ನುವ ಕಪ್ಪು ನಾಯಿ 1981ರಲ್ಲಿ ಇಬ್ಬರು ಮನುಷ್ಯರನ್ನು ಸೋಲಿಸಿ ಸೂನೋಲಿನ ಗೌರವ ಮೇಯರ್ ಆಯಿತು. 1994ರಲ್ಲಿ ಸಾಯುವವರೆಗೂ ಅದೇ ಮೇಯರ್. ಹದಿಮೂರು ವರ್ಷ! ಪ್ರಜಾಪ್ರಭುತ್ವ ಬೇಕು ಅಂತ ಬೀಜಿಂಗಿನಲ್ಲಿ ಸೇರಿದ್ದವರನ್ನು ಸೇನೆ ಅಡಗಿಸಿದ ಟಿಯಾನನ್ಮೆನ್ ಚೌಕದ ಘಟನೆ ಆದಮೇಲೆ ಚೀನಾದ ಪತ್ರಿಕೆಯೊಂದು ಇದನ್ನೇ ಹಿಡಿದು, ನೋಡಿ ಇವರ ಪ್ರಜಾಪ್ರಭುತ್ವದ ಗತಿ ಅಂತ ಆಡಿಕೊಂಡಿತ್ತು. ಆ ಪತ್ರಿಕೆಯವರಿಗೆ ಗೊತ್ತಾಗದ ಸಂಗತಿ ಒಂದಿದೆ. ನಾಯಿಯನ್ನು ಮೇಯರ್ ಮಾಡಿದರೂ ನಷ್ಟ ಇರಲಿಲ್ಲ, ಯಾಕಂದರೆ ಸೂನೋಲಿನಲ್ಲಿ ಮೇಯರ್ ಅನ್ನುವ ಕುರ್ಚಿಯೇ ಇಲ್ಲ.

ಇಲ್ಲಿ ಇಂಥ ಊರಿಗೆ ಅನ್‌ಇನ್ಕಾರ್ಪೊರೇಟೆಡ್ ಅನ್ನುತ್ತಾರೆ. ಜನ ಸೇರಿ ನಮ್ಮದೊಂದು ನಗರಾಡಳಿತ ಬೇಕು ಅಂತ ವೋಟು ಹಾಕಿ ಮಾಡಿಕೊಂಡರೆ ಅದು 'ಸಿಟಿ'. ಮಾಡಿಕೊಳ್ಳದಿದ್ದರೆ ನೇರವಾಗಿ ಕೌಂಟಿಯ ಕೈಕೆಳಗೆ. ಕೌಂಟಿ ಅಂದರೆ ಹೆಚ್ಚುಕಡಿಮೆ ನಮ್ಮ ಜಿಲ್ಲೆ. ಸೂನೋಲಿಗೆ ಪೊಲೀಸು ಅಂದರೆ ಕೌಂಟಿಯ ಶೆರಿಫ್. ಊರಿನ ರಸ್ತೆ ಕೌಂಟಿಯದು, ಮನೆ ಕಟ್ಟಲು ಅನುಮತಿ ಕೌಂಟಿಯದು. ಇಡೀ ಅಲಮೇಡಾ ಕೌಂಟಿಗೆ ಚುನಾಯಿತ ಸೂಪರ್‌ವೈಸರುಗಳು, ಅಂದರೆ ಕೌಂಟಿ ನಡೆಸುವ ಮಂಡಳಿಯ ಸದಸ್ಯರು, ಐದೇ ಜನ. ಅವರು ಸಭೆ ಸೇರುವುದು ಓಕ್ಲೆಂಡಿನಲ್ಲಿ.

ಸಣ್ಣ ಊರು ಅನ್ನುವ ಕಾರಣಕ್ಕೇ ಹೀಗೆ ಅಂತಲೂ ಅಲ್ಲ. ಇದೇ ಕೌಂಟಿಯ ಕ್ಯಾಸ್ಟ್ರೋ ವ್ಯಾಲಿಯಲ್ಲಿ 2020ರ ಜನಗಣತಿಯ ಹೊತ್ತಿಗೆ 66 ಸಾವಿರ ದಾಟಿದ ಜನ. ನಮ್ಮಲ್ಲಾದರೆ ನಗರಸಭೆ ಆಗಿರುತ್ತಿತ್ತು. ಅವರು 2002ರಲ್ಲಿ ವೋಟು ಹಾಕಿ, ನಮಗೆ ಸಿಟಿ ಬೇಡ ಅಂದರು. ಅದೇ, ಆಚೆ ಕೌಂಟಿಯ ಮೌಂಟನ್ ಹೌಸ್‌ನವರು ಬೇಕು ಅಂದರು, 2024ರ ಜುಲೈ 1ರಂದು ಸಿಟಿಯಾದರು. ಅಲ್ಲಿ ನಮ್ಮ ದೇಶದವರು ಜಾಸ್ತಿ. ನಾನಿರುವ ಫ್ರೀಮಾಂಟ್ ಕೂಡ 1956ರಲ್ಲಿ ಐದು ಊರುಗಳು ಒಟ್ಟಾಗಿ ಆದದ್ದು. ನೈಲ್ಸ್ ಅದರಲ್ಲೊಂದು. ಕಣಿವೆಯ ಆ ತುದಿಯ ಊರು ನಗರದೊಳಗೆ ಸೇರಿತು, ಈ ತುದಿಯ ಸೂನೋಲ್ ಹಾಗೇ ಉಳಿಯಿತು.

ಹಾಗೇ ಉಳಿದದ್ದು ಸುಮ್ನೆ ಅಲ್ಲ. 2010ರ ಜನಗಣತಿಯಲ್ಲಿ ಸೂನೋಲಿನ ಜನ 913. ಅವರ ಲೆಕ್ಕಕ್ಕೆ ಹಾಕಿದ ಜಾಗ ಸುಮಾರು 28 ಚದರ ಮೈಲಿ. ಅಂದರೆ ಮೈಲಿಗೆ ಮೂವತ್ಮೂರು ಜನ. ಒಂದು ಕಡೆ ಫ್ರೀಮಾಂಟ್, ಎರಡು ಲಕ್ಷ ಮೂವತ್ತು ಸಾವಿರ ಜನ. ಇನ್ನೊಂದು ಕಡೆ ಪ್ಲೆಸಂಟನ್, ಎಂಬತ್ತು ಸಾವಿರದ ಹತ್ತಿರ. ನಡುವೆ ದೊಡ್ಡ ಹೆದ್ದಾರಿ 680 ಹಾದುಹೋಗುತ್ತದೆ. ಇಂಥ ಜಾಗದಲ್ಲಿ ಲೇಔಟು ಏಳದೆ ಇರುವುದುಂಟೇ? ಎದ್ದಿಲ್ಲ. ಸುತ್ತಲಿನ ಗುಡ್ಡ, ಬಯಲು ಬಹುಪಾಲು ಸ್ಯಾನ್ ಫ್ರಾನ್ಸಿಸ್ಕೋ ನಗರದ ನೀರಿನ ಇಲಾಖೆಯದು. ನಲವತ್ತು ಮೈಲಿ ಆಚೆಯ ನಗರ! ಆ ನಗರಕ್ಕೆ ಹೋಗುವ ನೀರಿಗೆ ಇಲ್ಲೊಂದು ಗುಡಿಯನ್ನೇ ಕಟ್ಟಿದ್ದಾರೆ. 1910ರದ್ದು, ದುಂಡಗೆ ಹನ್ನೆರಡು ಕಂಬ, ಮೇಲೆ ಮಾಡು, ಒಳಗೆ ದೇವರಿಲ್ಲ. ಇದು ಸಾಲದು ಅಂತ, ಕೌಂಟಿಯ ಮತದಾರರೇ 2000ದ ನವೆಂಬರಿನಲ್ಲಿ ಒಂದು ಗೆರೆ ಎಳೆದರು, ಅದರಾಚೆ ಪೇಟೆ ಬೆಳೆಯಕೂಡದು ಅಂತ. ಸೂನೋಲ್ ಸಣ್ಣದಾಗಿ ಉಳಿಯಬೇಕು ಅನ್ನುವ ತೀರ್ಮಾನದಲ್ಲಿ ಸೂನೋಲಿನವರ ಕೈ ಇರುವುದು ಸ್ವಲ್ಪವೇ.

ಗುಡಿ ನೋಡಿ ಅಪ್ಪ ಬಹಳ ಹೊತ್ತು ಮಾತಾಡಲಿಲ್ಲ. ನಮ್ಮೂರು ಶರಾವತಿ ಹಿನ್ನೀರಿನ ಆಚೆ ದಡದ್ದು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದು ನೀರು ನಿಂತಿತು, ಕರೆಂಟು ರಾಜ್ಯಕ್ಕೆಲ್ಲ ಹೋಯಿತು. ನಾವು ಲಾಂಚು ಕಾಯುತ್ತ ಕೂತೆವು. ಸೇತುವೆ ಆದದ್ದು 2025ರ ಜುಲೈನಲ್ಲಿ. ದೂರದ ಪೇಟೆಗೆ ನೀರು, ಕರೆಂಟು ಕೊಡುವ ಊರುಗಳ ಕತೆ ಎಲ್ಲ ಕಡೆ ಒಂದೇ ಅಂತ ಹೇಳಲು ಹೊರಟಿದ್ದೆ. ಆದರೆ ಸೂನೋಲಿನವರು ಲಾಂಚು ಕಾಯಲಿಲ್ಲ. ಗುಡ್ಡ ಗುಡ್ಡವಾಗಿಯೇ ಉಳಿದದ್ದು ಅವರಿಗೆ ಲಾಭವೇ ಆಯಿತು. ಮಾತು ನುಂಗಿಕೊಂಡೆ.

ವಾಪಸು ಬರುವಾಗ ಅಪ್ಪ ಲೆಕ್ಕ ಹಾಕಿದರು. "ಒಂಬೈನೂರು ಜನ ಅಂದ್ಯಲ್ಲ, ನಮ್ಮಲ್ಲಾದ್ರೂ ಅದಕ್ಕೆ ಬೇರೆ ಪಂಚಾಯ್ತಿ ಕೊಡ್ತಿರ್ಲಿಲ್ಲ." ಸರಿಯೇ. ನಮ್ಮ 1993ರ ಪಂಚಾಯತ್ ರಾಜ್ ಕಾಯ್ದೆಯ ಪ್ರಕಾರ ಬಯಲುಸೀಮೆಯಲ್ಲಿ ಒಂದು ಗ್ರಾಮ ಪಂಚಾಯಿತಿಗೆ ಐದರಿಂದ ಏಳು ಸಾವಿರ ಜನ ಬೇಕು, ಮಲೆನಾಡಿನಲ್ಲಿ ಎರಡೂವರೆ ಸಾವಿರವಾದರೂ ಬೇಕು. "ಆದ್ರೆ ನಾನೂರಕ್ಕೊಂದು ಸೀಟು. ಈ ಊರಿಗೆ ಎರಡು ಮೆಂಬರು ಸಿಗ್ತಿದ್ರು ನೋಡು."

ನನಗೆ ಹೊಳೆಯದ ಮಾತು ಅದು. ನಾನು ಇಷ್ಟು ವರ್ಷ ಸೂನೋಲಿಗೂ ನಮ್ಮ ಹಳ್ಳಿಗೂ ವ್ಯತ್ಯಾಸ ಅಂದರೆ ಆಡಳಿತ ಇರುವುದು, ಇಲ್ಲದಿರುವುದು ಅಂದುಕೊಂಡಿದ್ದೆ. ಆಡಳಿತಕ್ಕೆ ಇಲ್ಲಿ ಕೊರತೆ ಇಲ್ಲ. ಗುಂಡಿ ಬಿದ್ದರೆ ಆನ್‌ಲೈನಿನಲ್ಲಿ ದೂರು ಕೊಟ್ಟರೆ ಮುಚ್ಚುತ್ತಾರೆ. ಆದರೆ ದಾರಿಯಲ್ಲಿ ತಡೆದು ನಿಲ್ಲಿಸಿ "ಏನ್ರೀ ಇದು, ವೋಟಿಗೆ ಬಂದಾಗ ಏನಂದಿದ್ರಿ?" ಅಂತ ಕೇಳಲು ಊರಿನೊಳಗೆ ಒಬ್ಬ ಮನುಷ್ಯ ಇಲ್ಲ. ಊರಿನವರದೇ ಒಂದು ಸಲಹಾ ಮಂಡಳಿ ಇದೆ, ಅದು ಸಲಹೆ ಮಾತ್ರ ಕೊಡಬಹುದು. ಅಪ್ಪನನ್ನು ಸಂತೆಯಲ್ಲಿ, ಮದುವೆಮನೆಯಲ್ಲಿ, ಒಮ್ಮೆ ಸಾವಿನ ಮನೆಯಲ್ಲೂ ಬೀದಿದೀಪದ ವಿಚಾರಕ್ಕೆ ಹಿಡಿದುಕೊಂಡಿದ್ದರು. ಆಗ ನನಗೆ ಅದು ಕಿರಿಕಿರಿ. ಈಗ, ಹೊರನಾಡಿನಲ್ಲಿ ಕೂತು, ಅದೇ ಸರಿ ಅನಿಸುತ್ತದೆ. ಊರು ಎಷ್ಟೇ ಸಣ್ಣದಿರಲಿ, ಜಗಳ ಆಡಲು ಕೈಗೆ ಸಿಗುವಂಥವನೊಬ್ಬ ಇರಬೇಕು.

ಕಾಗದದಲ್ಲೇ ಇಲ್ಲದ ಊರುಗಳೂ ನಮ್ಮಲ್ಲಿವೆ ಅನ್ನುವುದನ್ನು ಮರೆತು ಹೇಳುತ್ತಿಲ್ಲ. ತಾಂಡಾ, ಹಟ್ಟಿ, ಹಾಡಿ, ಮಜರೆ, ಹೀಗೆ. ಕಲಬುರಗಿ, ಯಾದಗಿರಿ, ರಾಯಚೂರು, ಬೀದರ್, ವಿಜಯಪುರದ ಸುಮಾರು 1475 ದಾಖಲೆಯಿಲ್ಲದ ಜನವಸತಿಗಳನ್ನು ಕಂದಾಯ ಗ್ರಾಮ ಮಾಡಿ, 2023ರ ಜನವರಿಯಲ್ಲಿ ಮಳಖೇಡದಲ್ಲಿ ಐವತ್ತು ಸಾವಿರಕ್ಕೂ ಹೆಚ್ಚು ಕುಟುಂಬಗಳಿಗೆ ಹಕ್ಕುಪತ್ರ ಕೊಟ್ಟರು. ಆ ತಾಂಡಾಗಳಲ್ಲಿ ವೋಟು ಇತ್ತು, ಕೂತ ಮನೆಯ ಮೇಲೆ ಹಕ್ಕಿರಲಿಲ್ಲ. ಸೂನೋಲಿನಲ್ಲಿ ಮನೆಗೆ ಪಕ್ಕಾ ಪತ್ರ ಇದೆ, ಊರಿಗೆ ಮೆಂಬರಿಲ್ಲ. ಎರಡರಲ್ಲಿ ಯಾವುದು ದೊಡ್ಡ ಕೊರತೆ ಅಂತ ತಾಂಡಾದವರನ್ನು ಕೇಳಿದರೆ ನನ್ನ ವಾದ ನಿಲ್ಲಲಿಕ್ಕಿಲ್ಲ.

ಜಗಳಕ್ಕೆ ಜಾಗ ಇಲ್ಲದಿದ್ದರೆ ಅದು ಎಲ್ಲಿಗಾದರೂ ನುಗ್ಗುತ್ತದೆ. ಸೂನೋಲಿನಲ್ಲಿ ಶಾಲೆಗೆ ನುಗ್ಗಿತು. ಊರೊಳಗೆ ವೋಟು ಹಾಕಿ ಆರಿಸಿದ, ನಿಜವಾದ ಅಧಿಕಾರ ಇರುವ ಮಂಡಳಿ ಅಂದರೆ ಆ ಶಾಲೆಯದು. ಮೂರೇ ಸದಸ್ಯರು. ಅಪ್ಪ ಇಲ್ಲಿದ್ದಾಗಲೇ, 2023ರ ಸೆಪ್ಟೆಂಬರಿನಲ್ಲಿ, ಶಾಲೆಯ ಕಂಬದಲ್ಲಿ ದೇಶದ, ರಾಜ್ಯದ ಬಾವುಟ ಬಿಟ್ಟು ಬೇರೆ ಹಾರಿಸಬಾರದು ಅಂತ ಇಬ್ಬರು ಸೇರಿ ತೀರ್ಮಾನ ಮಾಡಿದರು. ಜೂನಿನಲ್ಲಿ ಸಲಿಂಗಿಗಳು, ಲಿಂಗಪರಿವರ್ತಿತರ ಪರವಾಗಿ ಹಾರಿಸುವ ಪ್ರೈಡ್ ಬಾವುಟದ ಮೇಲೆ ಕಣ್ಣಿಟ್ಟು ಮಾಡಿದ್ದು ಅಂತ ಊರು ಎರಡಾಯಿತು. ಟಿವಿಯವರು ಬಂದರು. ಅಪ್ಪ ದಿನಾ ಸುದ್ದಿ ಕೇಳುತ್ತಿದ್ದರು, ನಮ್ಮ ಮನೆಯ ರಾಜಕೀಯದಷ್ಟೇ ಆಸಕ್ತಿಯಿಂದ.

2024ರ ಜುಲೈನಲ್ಲಿ ಆ ಇಬ್ಬರನ್ನು ಜನರೇ ವೋಟು ಹಾಕಿ ಇಳಿಸಿದರು. ಅಷ್ಟು ಹೊತ್ತಿಗೆ ಅಪ್ಪ ಊರಿಗೆ ವಾಪಸಾಗಿದ್ದರು. ಫೋನ್ ಮಾಡಿ ಹೇಳಿದೆ.

"ಅವಧಿ ಮುಗಿಯೋದ್ರೊಳಗೇ? ಜನರೇ?"

"ಹೌದಪ್ಪ."

"ನಮ್ಮಲ್ಲಿ ಅವಿಶ್ವಾಸ ಅಂದ್ರೆ ಮೆಂಬರುಗಳೇ ಸೇರ್ಕಂಡು ಅಧ್ಯಕ್ಷರ ಮೇಲೆ ತರೋದು. ಇದು ಪರವಾಗಿಲ್ಲ."

ಖುಷಿಯಾಯಿತು ನನಗೆ. ನೋಡಿ, ಸೂನೋಲಿಗೂ ಒಂದು ಕಟ್ಟೆ ಸಿಕ್ಕಿತು ಅಂದೆ. ನಿಮ್ಮ ಗ್ರಾಮಸಭೆ ಹೇಗಾಯಿತು ಅಂತಲೂ ಕೇಳಿದೆ, ಹಿಂದಿನ ದಿನವೇ ಇತ್ತು.

"ಎಲ್ಲಿ ಸಭೆ? ಕೋರಂ ಆಗ್ಲಿಲ್ಲ. ಮುಂದಿನ ವಾರಕ್ಕೆ ಹಾಕಿದಾರೆ. ಮಳೆ ನೋಡು, ಯಾರು ಬರ್ತಾರೆ?"