ಗಾಡಿ ನಿಲ್ಲಿಸೋಕೆ ಒಂದು ತೋಪು

ನಮ್ಮನೆ ಸಂಪು 6,000 ಲೀಟರ್‌ನದು. ಬಾಡಿಗೆಗೆ ತಂದ ಕ್ಯಾಂಪರ್ ವ್ಯಾನಿನ, ಅಂದ್ರೆ ಒಳಗೇ ಅಡುಗೆ ಮಾಡಿ ಮಲಗೋ ಗಾಡಿಯ, ನೀರಿನ ಟ್ಯಾಂಕು 80 ಲೀಟರ್‌ನದು. ‘ಇಬ್ಬರೇ ತಾನೆ, ಎರಡು ದಿನಕ್ಕೆ ಧಾರಾಳ’ ಅಂದರು ನಮ್ಮವರು. ಮೂವತ್ತು ವರ್ಷ ಬ್ಯಾಂಕಿನಲ್ಲಿ ಲೆಕ್ಕ ಬರೆದವರು, ನಂಬಿದೆ. ಮೊದಲ ದಿನ ಸಂಜೆಗೇ ಟ್ಯಾಂಕು ಖಾಲಿ. ನಲ್ಲಿ ಬಿಟ್ಟುಕೊಂಡೇ ಪಾತ್ರೆ ತೊಳೆದವರು ಯಾರು ಅಂತ ಇಲ್ಲಿ ಬರೆದರೆ ಮನೆಯಲ್ಲಿ ಜಗಳವಾಗುತ್ತೆ, ಬಿಡಿ.

ಬೆಂಗಳೂರಿನಿಂದ ಸುತ್ತುಬಳಸಿ ಹಂಪಿಗೆ, ಅಲ್ಲಿಂದ ವಾಪಸ್, ಒಟ್ಟು ಒಂಬತ್ತು ದಿನ. ಹೆದ್ದಾರಿ ಕಮ್ಮಿ, ಕೆರೆ ಏರಿ, ನಾಲೆ ರಸ್ತೆ ಜಾಸ್ತಿ. ಫೋಟೋ ಹಾಕಿದಾಗಿನಿಂದ ಎಲ್ಲರೂ ಕೇಳ್ತಿರೋದು ಎರಡೇ ಪ್ರಶ್ನೆ. ಬಾಡಿಗೆ ಎಷ್ಟು? ಬಾತ್‌ರೂಮಿಗೆ ಏನು ಮಾಡಿದ್ರಿ? ಬಾಡಿಗೆ ಒಂದು ಒಳ್ಳೆಯ ಹೋಟೆಲ್ ರೂಮಿನಷ್ಟೇ ಆಗುತ್ತೆ, ಉಳಿತಾಯ ಅಂತ ಯಾರೂ ಹೊರಡಬೇಡಿ. ಎರಡನೆಯದಕ್ಕೆ ಆಮೇಲೆ ಬರ್ತೀನಿ.

ನಮ್ಮಜ್ಜ ಮಳವಳ್ಳಿ ಕಡೆಯವರು. ಬೆಲ್ಲ ಹೇರಿಕೊಂಡು ಗಾಡಿ ಕಟ್ಟಿ ಮಂಡ್ಯಕ್ಕೆ ಹೋಗೋರು. ದಾರಿಯಲ್ಲಿ ಕತ್ತಲಾದರೆ ಯಾವುದಾದರೂ ಊರಿನ ಗುಂಡುತೋಪಿನಲ್ಲಿ ಎತ್ತು ಬಿಚ್ಚಿ, ಮೂರು ಕಲ್ಲು ಹೂಡಿ, ಮುದ್ದೆ ತೊಳಸಿ, ಗಾಡಿ ಕೆಳಗೇ ಹುಲ್ಲು ಹಾಸಿಕೊಂಡು ಮಲಗೋರಂತೆ. ಮಾವು, ನೇರಳೆ, ಹೊಂಗೆ. ಪಕ್ಕದಲ್ಲೇ ಕಟ್ಟೆಯೋ ಬಾವಿಯೋ. ಯಾರಪ್ಪನ ಜಾಗ ಅಂತ ಯಾರೂ ಕೇಳ್ತಿರಲಿಲ್ಲ, ಊರಿನ ಜಾಗ. ಈ ಕತೆ ಸಾವಿರ ಸಲ ಕೇಳಿದ್ದೆ. ಅದು ಪ್ರವಾಸದ ಮಾಹಿತಿ ಅಂತ ಗೊತ್ತಾಗಿದ್ದು ಈಗ, ಐವತ್ತನಾಲ್ಕನೇ ವಯಸ್ಸಿನಲ್ಲಿ. ಯಾಕಂದ್ರೆ ಕ್ಯಾಂಪರ್ ವ್ಯಾನ್ ಅನ್ನೋದು ಎತ್ತಿಲ್ಲದ ಗಾಡಿ, ಅಷ್ಟೇ. ಮಟ್ಟಸವಾದ ನೆಲ, ನೆರಳು, ನೀರು, ‘ಮಲಗಿ ಪರವಾಗಿಲ್ಲ’ ಅನ್ನೋ ಒಂದು ಮಾತು ಇದ್ದರೆ ಸಾಕು ಅದಕ್ಕೆ.

ಮೈಸೂರು ಎಕ್ಸ್‌ಪ್ರೆಸ್‌ವೇಯಲ್ಲಿ ಇದ್ಯಾವುದೂ ಇಲ್ಲ. ಅಲ್ಲಿ 2023ರ ಆಗಸ್ಟ್‌ನಿಂದ ಟ್ರ್ಯಾಕ್ಟರ್, ಬೈಕುಗಳಿಗೂ ಪ್ರವೇಶವಿಲ್ಲ. ಶ್ರೀರಂಗಪಟ್ಟಣದಲ್ಲಿ ಇಳಿದು ವೆಲ್ಲೆಸ್ಲಿ ಸೇತುವೆ ಬಳಿ ಹೋದೆವು. ದಿವಾನ್ ಪೂರ್ಣಯ್ಯನವರ ಕಾಲದಲ್ಲಿ, 1804ರಲ್ಲಿ ಮುಗಿದದ್ದು. ಕಲ್ಲಿನ ಕಂಬ, ಕಲ್ಲಿನ ತೊಲೆ, ಕಲ್ಲಿನ ಚಪ್ಪಡಿ. ಗಾಡಿಯ ಕಾಲದ ಸೇತುವೆ ಅದು, ಎಷ್ಟು ಪ್ರವಾಹ ಕಂಡಿದೆಯೋ.

ಅಲ್ಲಿಂದ ಪಾಂಡವಪುರದ ಕಡೆ, ವಿಶ್ವೇಶ್ವರಯ್ಯ ನಾಲೆಯ ಪಕ್ಕದ ರಸ್ತೆ. ನೋಡೋಕೆ ಸೊಗಸು; ಒಂದು ಕಡೆ ಕಬ್ಬು, ಇನ್ನೊಂದು ಕಡೆ ತುಂಬಿ ಹರಿಯೋ ನೀರು. ಆದರೆ ನಾನು ಸೀಟ್‌ಬೆಲ್ಟ್ ಹಿಡಿದುಕೊಂಡೇ ಕೂತಿದ್ದೆ. 2018ರ ನವೆಂಬರ್ 24, ಅಂಬರೀಷ್ ತೀರಿಕೊಂಡ ದಿನವೇ, ಇದೇ ನಾಲೆಗೆ ಕನಗನಮರಡಿ ಹತ್ತಿರ ಬಸ್ಸು ಉರುಳಿ 30 ಜನ ಹೋದರು. ಶಾಲೆ ಬಿಟ್ಟು ಮನೆಗೆ ಹೊರಟಿದ್ದ ಮಕ್ಕಳೂ ಇದ್ದರು ಅದರಲ್ಲಿ. ನಾಲೆ ರಸ್ತೆಯಲ್ಲಿ ವ್ಯಾನ್ ಓಡಿಸುವ ಆಸೆ ಇರೋರಿಗೆ ನನ್ನ ಮಾತು ಒಂದೇ: ಹೊತ್ತು ಮುಳುಗೋದರೊಳಗೆ ಅಲ್ಲಿಂದ ಆಚೆ ಬನ್ನಿ.

ನಾವು ಬರಲಿಲ್ಲ, ತಡವಾಯಿತು. ನಾಲೆ ಏರಿಯ ಪಕ್ಕ ಒಂದಿಷ್ಟು ಜಾಗ ಕಂಡು ನಿಲ್ಲಿಸಿದೆವು. ಚಾಪೆ ಹಾಸುವಷ್ಟರಲ್ಲಿ ಟಾರ್ಚ್ ಹಿಡಿದು ಒಬ್ಬರು ಬಂದರು. ನೀರುಗಂಟಿ, ಹೊಲಗಳಿಗೆ ನಾಲೆ ನೀರು ಬಿಡೋರು. ‘ಅವ್ವಾ, ಇಲ್ ನಿಲ್ಲುಸ್ಬ್ಯಾಡಿ. ರಾತ್ರಿಗೆ ನಮ್ ಕಡೆ ಕಟ್ಟು, ನಮ್ ಸರದಿ ಐತೆ, ನೀರ್ ಬುಡ್ತರೆ. ಮಣ್ಣು ಮೆತ್ಗಾದ್ರೆ ನಿಮ್ ಗಾಡಿ ಏಳಾಕಿಲ್ಲ’ ಅಂದರು. ಎಲ್ಲಿಗೆ ಹೋಗೋಣ ಅಂತ ನಾವು ಕೇಳೋಕೆ ಮುಂಚೆಯೇ ಬೈಕ್ ತಿರುಗಿಸಿ ‘ನನ್ ಹಿಂದೆ ಬನ್ನಿ’ ಅಂತ ಹೊರಟರು. ಊರಾಚೆ ದೇವಸ್ಥಾನದ ಮುಂದಿನ ತೋಪು. ನಾಲ್ಕೇ ಮರ ಉಳಿದಿದ್ದವು. ನಲ್ಲಿ ಎಲ್ಲಿದೆ, ನಾಯಿ ಯಾರ ಮನೇದು, ಎಲ್ಲ ಹೇಳಿ ಹೋದರು. ನಾಲ್ಕರಲ್ಲಿ ಒಂದು ಹುಣಸೆ ಮರ. ಅದರಡಿ ಬೇಡ ಅಂತ ನಾನು, ಮೂಢನಂಬಿಕೆ ಅಂತ ಅವರು. ನೇರಳೆ ಮರದಡಿ ನಿಲ್ಲಿಸಿದೆವು.

ಮಾರನೇ ದಿನ ತೊಣ್ಣೂರು ಕೆರೆ. ತಿರುಮಲಸಾಗರ ಅಂತ ರಾಮಾನುಜರು ಇಟ್ಟ ಹೆಸರು ಅಂತಾರೆ. ಮೋತಿ ತಲಾಬ್ ಅಂತಲೂ ಕರೀತಾರೆ. ಏರಿ ಮೇಲೆ ಕೂತು ಕಾಫಿ ಕುಡಿದೆವು, ಇಡೀ ಪ್ರವಾಸದ ಅತ್ಯುತ್ತಮ ಒಂದು ಗಂಟೆ, ಅದನ್ನು ವರ್ಣಿಸಲ್ಲ. ಮೇಲುಕೋಟೆಯಲ್ಲಿ ಅಕ್ಕ-ತಂಗಿ ಕೊಳ ತೋರಿಸಿ, ಒಂದರ ನೀರು ಕುಡಿಯೋಕೆ, ಇನ್ನೊಂದರದ್ದು ಹಾಗಲ್ಲ ಅಂದರು ಒಬ್ಬರು ಅಜ್ಜಿ. ಯಾವ ನೀರು ಯಾವುದಕ್ಕೆ ಅನ್ನೋ ಆ ವಿವೇಚನೆ 80 ಲೀಟರ್‌ನಲ್ಲಿ ಬದುಕೋವಾಗ ತಟ್ಟನೆ ಅರ್ಥವಾಗುತ್ತೆ. ಹಳೇಬೀಡಿನಲ್ಲಿ ಬಸ್ಸಿಳಿದವರೆಲ್ಲ ಗುಡಿಗೆ ಹೋಗ್ತಾರೆ. ಪಕ್ಕದಲ್ಲೇ ಇರೋ ದೋರಸಮುದ್ರ ಕೆರೆ ಕಡೆ ಯಾರೂ ತಿರುಗಲ್ಲ. ಹೊಯ್ಸಳರ ರಾಜಧಾನಿಗೆ ಹೆಸರು ಬಂದದ್ದೇ ಅದರಿಂದ.

ಈಗ ಬಾತ್‌ರೂಮ್. ವ್ಯಾನಿನಲ್ಲಿ ಸಣ್ಣದೊಂದು ಡಬ್ಬದಂಥ ಟಾಯ್ಲೆಟ್ ಇತ್ತು. ಉಪಯೋಗಿಸೋದು ಸುಲಭ, ಖಾಲಿ ಮಾಡೋದೆಲ್ಲಿ? ಕೆರೆ ಪಕ್ಕ ಸುರಿದು ಬರೋರಿದ್ದಾರೆ, ಗುರುತೂ ಕಂಡೆವು, ಅಂಥವರಿಗೆ ಇಲ್ಲಿ ಬರೆಯಬಾರದ ಮಾತಿನಲ್ಲಿ ಬೈದೆವು. ನಮ್ಮವರು ಅದನ್ನು ತುಂಬಿದ ಕೊಡದ ಹಾಗೆ ಎರಡೂ ಕೈಯಲ್ಲಿ ಹಿಡಿದು, ಸಿಕ್ಕ ಪೇಟೆಗಳಲ್ಲೆಲ್ಲ ಸಾರ್ವಜನಿಕ ಶೌಚಾಲಯ ಹುಡುಕಿಕೊಂಡು ಹೋಗೋರು. ಒಂದು ಕಡೆ ಹತ್ತು ರೂಪಾಯಿ, ಇನ್ನೊಂದು ಕಡೆ ನೂರು, ಮತ್ತೊಂದು ಕಡೆ ಬೀಗ.

ಕ್ಯಾರವಾನ್ ಪ್ರವಾಸೋದ್ಯಮ ಅಂತ ಆಗಾಗ ಸುದ್ದಿ ಓದ್ತೀವಲ್ಲ, ಈಜುಕೊಳ ಇರೋ ರೆಸಾರ್ಟಿನ ಚಿತ್ರ ಹಾಕಿ. ಅದು ಬೇಡ. ಪಹಣಿಯಲ್ಲಿ ಇವತ್ತಿಗೂ ‘ಗುಂಡುತೋಪು’ ಅಂತ ಬರೆದಿರೋ ಜಾಗಗಳಿವೆ, ಎಷ್ಟೋ ಕಡೆ ಹೋಗಿ ನೋಡಿದರೆ ಬೇಲಿ. ಬೇಲಿ ತೆಗೆಸಿ, ಒಂದು ನಲ್ಲಿ, ಎರಡು ಶೌಚಾಲಯ, ಒಂದು ದೀಪ. ರಾತ್ರಿಗೆ ಇನ್ನೂರು ರೂಪಾಯಿ ಪಂಚಾಯಿತಿ ವಸೂಲಿ ಮಾಡಲಿ, ಸಂತೋಷವಾಗಿ ಕೊಡ್ತೀವಿ. ಇದೇನು ಹೊಸ ಯೋಚನೆಯೇ? ಗುಬ್ಬಿ ತೋಟದಪ್ಪನವರು 1903ರಲ್ಲಿ ಬೆಂಗಳೂರು ರೈಲ್ವೆ ಸ್ಟೇಷನ್ ಹತ್ತಿರ ಛತ್ರ ಕಟ್ಟಿಸಿದಾಗ ಪಕ್ಕದಲ್ಲಿ ಧರ್ಮಾಂಬುಧಿ ಕೆರೆ ಇತ್ತು. ನೀರು ಇದ್ದಲ್ಲಿ ಛತ್ರ. ಈಗ ಆ ಕೆರೆಯ ಜಾಗದಲ್ಲಿ ಮೆಜೆಸ್ಟಿಕ್ ಬಸ್ ಸ್ಟ್ಯಾಂಡ್ ಇದೆ.

ಹಂಪಿ ದಾರಿಯಲ್ಲಿ, ದಾವಣಗೆರೆ ಜಿಲ್ಲೆಯ ಸೂಳೆಕೆರೆಯಲ್ಲಿ ಒಂದು ರಾತ್ರಿ. ಬೆಳಿಗ್ಗೆ ಎದ್ದರೆ ಆಚೆ ದಡ ಮಂಜಿನಲ್ಲಿ ಕಾಣಲೇ ಇಲ್ಲ, ಸಮುದ್ರಕ್ಕೆ ಬಂದೆವೇನೋ ಅನ್ನಿಸಿತು. ಅದರ ಕಾಲುವೆಗಳ ಹೆಸರು ಸಿದ್ಧ, ಬಸವ; ನಮ್ಮ ಈಗಿನ ನಾಲೆಗಳಿಗೆ ಇಡೋದು ನಂಬರ್. ಹೊಸಪೇಟೆಯಲ್ಲಿ ತುಂಗಭದ್ರಾ ಅಣೆಕಟ್ಟಿನ 33 ಗೇಟುಗಳನ್ನು ಎಣಿಸುತ್ತಾ ನಮ್ಮವರು 19ಕ್ಕೆ ನಿಂತರು. 2024ರ ಆಗಸ್ಟ್ 10ರ ರಾತ್ರಿ ಚೈನು ತುಂಡಾಗಿ ಕೊಚ್ಚಿಹೋದ ಗೇಟು ಅದು. ಅಲ್ಲಿಂದ ಅನತಿ ದೂರದಲ್ಲಿ, ಹಂಪಿಯ ಬಾಳೆತೋಟಗಳ ನಡುವೆ, ವಿಜಯನಗರ ಕಾಲದ ತುರ್ತಾ ಕಾಲುವೆ ಗದ್ದಲವಿಲ್ಲದೆ ಹರೀತಾ ಇದೆ. ನಾನು ಕಾಲು ಇಳಿಬಿಟ್ಟು ಕೂತೆ. ವಿಠ್ಠಲ ಗುಡಿಯ ಕಲ್ಲಿನ ರಥ ನೋಡೋದು ತಪ್ಪಿತು, ಬೇಜಾರಿಲ್ಲ.

ವಾಪಸ್ ಬರ್ತಾ ಹಿರಿಯೂರಿನ ಮಾರಿಕಣಿವೆ. 1907ರಲ್ಲಿ ಮುಗಿದ ಅಣೆಕಟ್ಟು 1933ರಲ್ಲಿ ಕೋಡಿ ಬಿದ್ದಿದ್ದು, ಆಮೇಲೆ 2022ರವರೆಗೆ ಬೀಳಲೇ ಇಲ್ಲ. 89 ವರ್ಷ ಕಾಯೋದು ಅಂದ್ರೆ!

ಬೆಂಗಳೂರು ಮುಟ್ಟಿದಾಗ ರಾತ್ರಿ ಹತ್ತೂವರೆ. ಸಾಮಾನು ಇಳಿಸುವ ತ್ರಾಣವಿಲ್ಲದೆ ಮನೆ ಮುಂದೆಯೇ ವ್ಯಾನ್ ನಿಲ್ಲಿಸಿ ಅದರಲ್ಲೇ ಮಲಗಿದೆವು. ಹನ್ನೊಂದೂವರೆಗೆ ಕಿಟಕಿ ಟಪಟಪ. ಎರಡು ಮನೆ ಆಚೆಯವರು. ‘ಯಾರ್ರೀ ಅದು? ಇಲ್ಲೆಲ್ಲ ನಿಲ್ಲಿಸೋ ಹಾಗಿಲ್ಲ.’ ದೀಪ ಹಾಕಿ ಮುಖ ತೋರಿಸಿದೆ. ‘ಓ, ನೀವಾ ಮೇಡಂ’ ಅಂದರು. ಒಂದು ಕ್ಷಣ ನಿಂತು, ‘ಆದ್ರೂ ಸ್ವಲ್ಪ ಮುಂದಕ್ಕೆ ತಗೊಂಡ್ಬಿಡಿ, ಬೆಳಿಗ್ಗೆ ಕಾರು ತೆಗೀಬೇಕು’ ಅಂದರು.

ಮುಂದಕ್ಕೆ ಅಂದ್ರೆ ಎಲ್ಲಿಗೆ ಅಂತ ಹೇಳಲಿಲ್ಲ.