ನೌಕಾಪಡೆಯವರು ಒಳ್ಳೆಯವರಾಗಿದ್ರಾ?

ಎರಡನೇ ಮಹಾಯುದ್ಧದ ಜಪಾನ್ ಕುರಿತ ನಿಮ್ಮ ಲೇಖನ ಚೆನ್ನಾಗಿದೆ. ಆದರೆ ಅದರಲ್ಲಿರುವ "ಕ್ರೌರ್ಯವೆಲ್ಲ ಜಪಾನಿನ ಭೂಸೇನೆಯದ್ದು, ನೌಕಾಪಡೆಯವರು ಸಭ್ಯರು" ಎಂಬ ಮಾತು ಒಪ್ಪಲು ಕಷ್ಟ.

'ಬೆಹಾರ್' ಹಡಗಿನ ಕಥೆಯನ್ನೇ ನೋಡಿ. 1944ರ ಮಾರ್ಚ್ 9ರಂದು ಹಿಂದೂ ಮಹಾಸಾಗರದಲ್ಲಿ 'ಟೋನೆ' ಎಂಬ ಜಪಾನಿ ಯುದ್ಧನೌಕೆ ಈ ಬ್ರಿಟಿಷ್ ಸರಕು ಹಡಗನ್ನು ಮುಳುಗಿಸಿತು. ನೀರಿಗೆ ಬಿದ್ದ ನೂರಕ್ಕೂ ಹೆಚ್ಚು ಜನರನ್ನು ಮೇಲೆತ್ತಿಕೊಂಡರು. ಅವರಲ್ಲಿ ನಮ್ಮ ದೇಶದ ಖಲಾಸಿಗಳೂ ಇದ್ದರು. ಇದನ್ನು ಯಾರೂ ಹೇಳುವುದೇ ಇಲ್ಲ! ಬಟಾವಿಯಾದಲ್ಲಿ (ಇಂದಿನ ಜಕಾರ್ತಾ) ಕೆಲವರನ್ನು ಇಳಿಸಿದರು. ಉಳಿದ ಅರವತ್ತಕ್ಕೂ ಹೆಚ್ಚು ಜನರನ್ನು ಮತ್ತೆ ಸಮುದ್ರಕ್ಕೆ ಕರೆದೊಯ್ದು ರಾತ್ರಿಯಲ್ಲಿ ಕೊಂದುಹಾಕಿದರು. ಕಾದಾಟದ ಬಿಸಿಯಲ್ಲಿ ಆಗಿದ್ದಲ್ಲ, ಒಂಬತ್ತು ದಿನ ಊಟ ಹಾಕಿ ಆಮೇಲೆ ಮಾಡಿದ್ದು.

ಟೋನೆಯ ಕ್ಯಾಪ್ಟನ್ ಮಾಯುಜುಮಿ ಇದು ಬೇಡ ಎಂದು ಮೇಲಿನವರನ್ನು ಕೇಳಿಕೊಂಡಿದ್ದ. ರಿಯರ್ ಅಡ್ಮಿರಲ್ ಸಕೊಂಜು ಒಪ್ಪಲಿಲ್ಲ. ಹಾಂಗ್‌ಕಾಂಗ್ ಯುದ್ಧಾಪರಾಧ ವಿಚಾರಣೆಯಲ್ಲಿ ಸಕೊಂಜುಗೆ ಗಲ್ಲು, ಮಾಯುಜುಮಿಗೆ ಬರೀ ಏಳು ವರ್ಷ. ಬೇಡ ಅಂದವನೇ ಕೊನೆಗೆ ಆದೇಶ ಪಾಲಿಸಿದ, ಅಲ್ವಾ? ನನಗಂತೂ ಏಳು ವರ್ಷ ಕಡಿಮೆಯೇ ಅನಿಸುತ್ತದೆ.

ಜಪಾನಿನ ಓಫುನಾದಲ್ಲಿದ್ದ ಯುದ್ಧಕೈದಿಗಳ ಶಿಬಿರವೂ ನೌಕಾಪಡೆಯದ್ದೇ. ಅಲ್ಲಿದ್ದ ಕೈದಿಗಳ ಹೆಸರನ್ನು ರೆಡ್‌ಕ್ರಾಸ್‌ಗೆ ಕೊಡುತ್ತಲೇ ಇರಲಿಲ್ಲ. ಮನೆಯವರ ಪಾಲಿಗೆ ಅವರು ಸತ್ತಂತೆಯೇ.

ಹಾಗಂತ ಎಲ್ಲರೂ ಒಂದೇ ಅಲ್ಲ. 1942ರಲ್ಲಿ ಜಾವಾ ಸಮುದ್ರದಲ್ಲಿ 'ಇಕಾಜುಚಿ' ನೌಕೆಯ ನಾಯಕ ಕುದೊ ಶುನ್‌ಸಾಕು ನಾನೂರಕ್ಕೂ ಹೆಚ್ಚು ಶತ್ರು ನಾವಿಕರನ್ನು ಉಳಿಸಿದ್ದ. ಅದೂ ಇದೇ ನೌಕಾಪಡೆ. ಸಂಪಾದಕರೇ, ಈ ಎರಡೂ ಮುಖಗಳನ್ನು ಮುಂದಿನ ಕಂತಿನಲ್ಲಿ ಸೇರಿಸಿ.