ಮೇಷ್ಟ್ರು ನೆನಪಿದ್ದಾರೆ, ಪಾಠ ಎಲ್ಲಿ ಹೋಯಿತು?

ತಳುಕಿನ ವೆಂಕಣ್ಣಯ್ಯನವರು ತೀರಿಕೊಂಡದ್ದು 1939ರಲ್ಲಿ. ಅವರ ಶಿಷ್ಯ ಕುವೆಂಪು ‘ಶ್ರೀ ರಾಮಾಯಣ ದರ್ಶನಂ’ ಮಹಾಕಾವ್ಯವನ್ನು ಅಚ್ಚಿಗೆ ತಂದದ್ದು ಅದಾದ ಹತ್ತು ವರ್ಷಗಳ ಮೇಲೆ, 1949ರಲ್ಲಿ. ಆದರೂ ಕಾವ್ಯ ಅರ್ಪಣೆಯಾದದ್ದು ಆ ಮೇಷ್ಟ್ರಿಗೇ. ಅದೂ ಮರ್ಯಾದೆಯ ಒಂದು ಸಾಲಿನಲ್ಲಲ್ಲ, ಗುರು ಎದುರಿಗೇ ಕುಳಿತಿದ್ದಾರೆ ಎಂಬಂತೆ ಅವರನ್ನು ಕರೆದು ಮಾತನಾಡುವ ಪದ್ಯದಲ್ಲಿ. ತತ್ತ್ವಶಾಸ್ತ್ರದ ಕಡೆಗೆ ಒಲಿದಿದ್ದ ವಿದ್ಯಾರ್ಥಿಯನ್ನು, 1927ರಲ್ಲಿ ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ಹೊಸದಾಗಿ ಆರಂಭವಾಗಿದ್ದ ಕನ್ನಡ ಎಂ.ಎ. ತರಗತಿಗೆ ಸೇರುವಂತೆ ಒಪ್ಪಿಸಿದವರು ವೆಂಕಣ್ಣಯ್ಯನವರು. ಅವರೂ ಎ.ಆರ್. ಕೃಷ್ಣಶಾಸ್ತ್ರಿಗಳೂ ಕನ್ನಡದ ಅಶ್ವಿನೀದೇವತೆಗಳೆಂದೇ ಹೆಸರಾದವರು. ಇಷ್ಟೆಲ್ಲವನ್ನೂ ನಾವು ಬಲ್ಲೆವು, ಅವರ ಎತ್ತರದ ನಿಲುವನ್ನೂ ಅಜಾತಶತ್ರುವಿನ ಸ್ವಭಾವವನ್ನೂ ಬಲ್ಲೆವು. ಆದರೆ ತರಗತಿಯಲ್ಲಿ ಪಂಪನ ಒಂದು ಪದ್ಯವನ್ನು ಅವರು ಎಲ್ಲಿಂದ ಬಿಡಿಸಲು ತೊಡಗುತ್ತಿದ್ದರು, ತಪ್ಪು ಅರ್ಥ ಹೇಳಿದ ಹುಡುಗನಿಗೆ ಏನು ಹೇಳುತ್ತಿದ್ದರು ಎಂದು ನನ್ನನ್ನು ಕೇಳಿದರೆ ನಾನು ಸುಮ್ಮನಾಗಬೇಕಾಗುತ್ತದೆ. ಅವರ ವಿಷಯವಾಗಿ ನಾನು ಓದಿದ ನೆನಪುಗಳಲ್ಲಿ ಗುಣದ ಮಾತು ಧಾರಾಳವಾಗಿದೆ, ಪಾಠದ ಮಾತು ಕಡಿಮೆ.

ಈ ಪ್ರಶ್ನೆ ನನ್ನ ತಲೆಯನ್ನು ಹೊಕ್ಕಿದ್ದು ಹೊರನಾಡಿನಲ್ಲಿ. ಅಮೆರಿಕದ ಒಂದು ವಿಶ್ವವಿದ್ಯಾಲಯದ ಕಚೇರಿಯಲ್ಲಿ ನನಗೆ ಉದ್ಯೋಗ. ಅಧ್ಯಾಪಕರ ಬಡ್ತಿಯ ಕಡತಗಳು ನನ್ನ ಮೇಜಿನ ಮೇಲಿಂದಲೇ ಹಾದುಹೋಗುತ್ತವೆ. ಅಂಥ ಒಂದು ಕಡತದಲ್ಲಿ ಪಾಠದ ಯೋಜನೆ, ಪ್ರಶ್ನೆಪತ್ರಿಕೆಗಳು, ತಿದ್ದಿ ಹಿಂದಿರುಗಿಸಿದ ಉತ್ತರಗಳ ಮಾದರಿ, ತರಗತಿಯ ಹಿಂದಿನ ಬೆಂಚಿನಲ್ಲಿ ಕುಳಿತು ನೋಡಿದ ಸಹೋದ್ಯೋಗಿಯ ವರದಿ, ಇವೆಲ್ಲದರ ಜೊತೆಗೆ ಸೆಮಿಸ್ಟರಿನ ಕೊನೆಯಲ್ಲಿ ವಿದ್ಯಾರ್ಥಿಗಳು ಹೆಸರು ಹೇಳದೆ ತುಂಬಿದ ಮೌಲ್ಯಮಾಪನದ ಹಾಳೆಗಳು ಇರುತ್ತವೆ. ಮೇಷ್ಟ್ರಿಗೆ ವಿದ್ಯಾರ್ಥಿಗಳು ಅಂಕ ಕೊಡುವ ಈ ಪದ್ಧತಿಯನ್ನು ಮೊದಲ ಬಾರಿ ಕಂಡಾಗ ನನಗೆ ಕಸಿವಿಸಿಯಾಗಿತ್ತು, ಈಗಲೂ ಪೂರ್ತಿ ಹೋಗಿಲ್ಲ. ಸೆಮಿಸ್ಟರು ಮುಗಿಯುವ ಮೊದಲೇ ಬರೆಸಿಕೊಳ್ಳುವ ಅಭಿಪ್ರಾಯದಲ್ಲಿ ಪಾಠದ ಬೆಲೆಗಿಂತ ಬರಲಿರುವ ಗ್ರೇಡಿನ ಆತಂಕವೇ ಹೆಚ್ಚು ಮಾತನಾಡುತ್ತದೆ. 2015ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಆನ್‌ಲೈನ್ ತರಗತಿಯ ಅಧ್ಯಾಪಕರನ್ನು ಕೆಲವು ಗುಂಪುಗಳಿಗೆ ಗಂಡಸಿನ ಹೆಸರಿನಲ್ಲಿಯೂ ಕೆಲವಕ್ಕೆ ಹೆಂಗಸಿನ ಹೆಸರಿನಲ್ಲಿಯೂ ಪರಿಚಯಿಸಿದಾಗ, ಹೆಂಗಸಿನ ಹೆಸರಿಗೆ ಕಡಿಮೆ ಅಂಕ ಬಂದಿತ್ತು. ಯಾವ ಮೇಷ್ಟ್ರು ಸುಲಭ, ಯಾರು ಕಷ್ಟ ಎಂದು ವಿದ್ಯಾರ್ಥಿಗಳು ಬಹಿರಂಗವಾಗಿ ಬರೆಯುವ ಜಾಲತಾಣವೊಂದು 1999ರಿಂದಲೂ ಇಲ್ಲಿ ನಡೆಯುತ್ತಿದೆ. ಅದನ್ನು ಓದಿ ಮೇಷ್ಟ್ರುಗಳ ವಿಷಯದಲ್ಲಿ ಏನಾದರೂ ತಿಳಿದುಕೊಂಡೆ ಎಂದು ನನಗೆ ಅನಿಸಿದ್ದಿಲ್ಲ. ಕಲಿತದ್ದರ ಬೆಲೆ ಹತ್ತಿಪ್ಪತ್ತು ವರ್ಷಗಳ ಮೇಲೆ ತಿಳಿಯುವಂಥದು, ಕುವೆಂಪು ಅವರ ಅರ್ಪಣೆ ಬಂದದ್ದು ಎಂ.ಎ. ಮುಗಿದು ಎರಡು ದಶಕಗಳಾದ ಮೇಲೆ.

ಹಾಗಿದ್ದರೂ ಆ ಒಣ ಕಡತದಲ್ಲಿ ಪಾಠ ಉಳಿದಿರುತ್ತದೆ ಎಂಬುದನ್ನು ಒಪ್ಪಲೇಬೇಕು. ಇದಕ್ಕೆ ತುದಿಯ ಉದಾಹರಣೆ ಅಮೆರಿಕದ ಕ್ಯಾಲ್‌ಟೆಕ್ ವಿದ್ಯಾಸಂಸ್ಥೆಯಲ್ಲಿ ಭೌತವಿಜ್ಞಾನಿ ರಿಚರ್ಡ್ ಫೈನ್‌ಮನ್ 1961ರಿಂದ 1963ರವರೆಗೆ ಮಾಡಿದ ಭೌತಶಾಸ್ತ್ರದ ಪಾಠಗಳು. ಅವರ ಮಾತನ್ನು ಧ್ವನಿಮುದ್ರಿಸಿಕೊಂಡರು, ಕಪ್ಪುಹಲಗೆಯ ಚಿತ್ರ ತೆಗೆದಿಟ್ಟರು, ಸಹೋದ್ಯೋಗಿಗಳು ಕುಳಿತು ಅದನ್ನು ಮೂರು ಸಂಪುಟಗಳಿಗೆ ಇಳಿಸಿದರು. ವಿದ್ಯಾರ್ಥಿಗಳ ದೃಷ್ಟಿಯಿಂದ ತಾನು ಅಷ್ಟೇನೂ ಚೆನ್ನಾಗಿ ಮಾಡಲಿಲ್ಲ ಎಂದು ಫೈನ್‌ಮನ್ ಸ್ವತಃ ಮುನ್ನುಡಿಯಲ್ಲಿ ಬರೆದುಕೊಂಡರು. ಆ ಮಾತು ಸರಿಯೋ ತಪ್ಪೋ ಎಂದು ಇಂದಿಗೂ ವಾದಿಸಬಹುದು, ಏಕೆಂದರೆ ಪಾಠ ನಮ್ಮ ಮುಂದಿದೆ.

ನಮ್ಮಲ್ಲಿ ಪ್ರೀತಿ ಕಡಿಮೆಯೆಂದು ಯಾರೂ ಹೇಳಲಾರರು. 1921ರಲ್ಲಿ ರಾಧಾಕೃಷ್ಣನ್ ಅವರು ಮೈಸೂರು ಬಿಟ್ಟು ಕಲ್ಕತ್ತೆಗೆ ಹೊರಟಾಗ ವಿದ್ಯಾರ್ಥಿಗಳು ಹೂವಿನಿಂದ ಸಿಂಗರಿಸಿದ ಸಾರೋಟನ್ನು ತಾವೇ ಎಳೆದುಕೊಂಡು ರೈಲು ನಿಲ್ದಾಣಕ್ಕೆ ಕರೆದೊಯ್ದರು. ಬಿ.ಎಂ.ಶ್ರೀ. ಅವರಿಗೆ ಶಿಷ್ಯರೂ ಅಭಿಮಾನಿಗಳೂ ಸೇರಿ 1941ರಲ್ಲಿ ‘ಸಂಭಾವನೆ’ ಎಂಬ ಗ್ರಂಥವನ್ನು ಒಪ್ಪಿಸಿದರು, ಕನ್ನಡದ ಅಭಿನಂದನ ಗ್ರಂಥಗಳ ಸಾಲು ಅಲ್ಲಿಂದ ಬೆಳೆಯಿತು. ಈಗಲೂ ಪ್ರತಿ ಜಿಲ್ಲೆಯಲ್ಲಿ ಹಳೆಯ ವಿದ್ಯಾರ್ಥಿಗಳು ಗುರುವಂದನೆ ನಡೆಸುತ್ತಾರೆ, ಶಾಲು ಹೊದಿಸಿ, ಮೈಸೂರು ಪೇಟ ತೊಡಿಸಿ, ಫಲತಾಂಬೂಲ ಕೊಟ್ಟು ಕಾಲಿಗೆರಗುತ್ತಾರೆ. ಅಮೆರಿಕದಲ್ಲಿ ನಿವೃತ್ತರಾಗುವ ಪ್ರಾಧ್ಯಾಪಕರಿಗೆ ವಿಭಾಗದ ಮೊಗಸಾಲೆಯಲ್ಲಿ ಕೇಕು ಕತ್ತರಿಸಿ ಕಳುಹಿಸಿಕೊಡುವುದನ್ನು ನೋಡಿದಾಗ ನನಗೆ ನಿಜವಾಗಿಯೂ ಬೇಸರವಾಗುತ್ತದೆ. ಮೂವತ್ತು ವರ್ಷ ಕಲಿಸಿದವರನ್ನು ಹುಡುಗರು ಹೆಸರು ಹಿಡಿದು ಕರೆದು, ಕೈ ಬೀಸಿ, ಮುಂದಿನ ತರಗತಿಗೆ ಹೊರಟುಬಿಡುತ್ತಾರೆ.

ಈ ವ್ಯತ್ಯಾಸವನ್ನು ಸಂಸ್ಕೃತಿಯ ಹೆಚ್ಚುಗಾರಿಕೆಯೆಂದು ಬಣ್ಣಿಸುವುದು ಹೊರನಾಡ ಸಭೆಗಳಲ್ಲಿ ರೂಢಿಯಾಗಿದೆ, ಆದರೆ ಕಾರಣ ಬೇರೆಯೆಂದು ನನ್ನ ಅನಿಸಿಕೆ. ಹಳ್ಳಿಯಿಂದ ಬಂದು ವಾರಾನ್ನದಲ್ಲಿ ಓದಿದ ಹುಡುಗನಿಗೆ ಮೇಷ್ಟ್ರು ಎಂದರೆ ಫೀಸು ಕಟ್ಟಿದವರು, ಹಾಸ್ಟೆಲಿನಲ್ಲಿ ಜಾಗ ಕೊಡಿಸಿದವರು, ಯಾವ ವಿಷಯ ಓದಬೇಕೆಂದು ಹೇಳಿದವರು, ಮಗಳ ಓದು ಬಿಡಿಸಲು ಹೊರಟ ತಂದೆಯ ಮನೆಗೆ ಹೋಗಿ ಮಾತನಾಡಿದವರು. ಅಮೆರಿಕದ ವಿಶ್ವವಿದ್ಯಾಲಯದಲ್ಲಿ ಈ ಒಂದೊಂದು ಕೆಲಸಕ್ಕೂ ಒಂದೊಂದು ಕಚೇರಿ ಇದೆ: ಹಣಕಾಸಿನ ನೆರವಿಗೆ ಒಂದು, ವಸತಿಗೆ ಒಂದು, ಮನಸ್ಸು ಕುಗ್ಗಿದರೆ ಸಮಾಲೋಚಕರು, ವಿಷಯದ ಆಯ್ಕೆಗೆ ಸಲಹೆಗಾರರು. ಅಲ್ಲಿ ಮೇಷ್ಟ್ರ ಪಾಲಿಗೆ ಉಳಿಯುವುದು ಪಾಠವೊಂದೇ, ಆದ್ದರಿಂದ ನೆನೆಯುವವರು ಪಾಠವನ್ನು ನೆನೆಯುತ್ತಾರೆ. ನಮ್ಮಲ್ಲಿ ಉಪಕಾರದ ಹೊರೆ ಎಷ್ಟು ದೊಡ್ಡದೆಂದರೆ, ಪಾಠ ಅದರ ಅಡಿಯಲ್ಲಿ ಸಿಕ್ಕಿಕೊಂಡುಬಿಡುತ್ತದೆ. ಗುರುವಂದನೆಯ ವೇದಿಕೆಯಿಂದ ‘ದೇವರಂಥ ಮನುಷ್ಯ’ ಎಂಬ ಮಾತು ಮತ್ತೆ ಮತ್ತೆ ಕೇಳಿಬರುವುದು ಈ ಕಾರಣಕ್ಕೆ, ಮತ್ತು ಆ ಮಾತು ಸುಳ್ಳೇನಲ್ಲ. ಆದರೆ ದೇವರಂಥ ಮನುಷ್ಯರಿಂದ ಇಂದಿನ ಯುವ ಉಪನ್ಯಾಸಕನೊಬ್ಬ ಕಲಿಯುವಂಥದ್ದು ಏನೂ ಇರುವುದಿಲ್ಲ, ಕೈಮುಗಿಯಬಹುದು, ಅಷ್ಟೆ.

ನನಗೆ ಬಿ.ಎಸ್ಸಿ.ಯಲ್ಲಿ ಗಣಿತ ಕಲಿಸಿದ ಮೇಷ್ಟ್ರು ಇತ್ತೀಚೆಗೆ ತೀರಿಕೊಂಡರು. ನಮ್ಮ ವಾಟ್ಸಾಪ್ ಗುಂಪಿನಲ್ಲಿ ಸಂತಾಪದ ಸಂದೇಶಗಳು ದಿನವಿಡೀ ಬಂದವು, ಬಹುಪಾಲು ಅವರ ಸರಳತೆಯನ್ನು ಕುರಿತವು. ನನ್ನ ತಲೆಯಲ್ಲಿ ಉಳಿದಿರುವುದು ಒಂದು ಅಭ್ಯಾಸ: ಬೋರ್ಡಿನ ಮೇಲೆ ವಿದ್ಯಾರ್ಥಿ ಬರೆದ ಸಾಧನೆ ತಪ್ಪಾದರೆ ಅವರು ಅದನ್ನು ಅಳಿಸುತ್ತಿರಲಿಲ್ಲ, ಅಳಿಸಲು ನಮಗೂ ಬಿಡುತ್ತಿರಲಿಲ್ಲ, ಪಕ್ಕದಲ್ಲಿ ಇನ್ನೊಬ್ಬರನ್ನು ನಿಲ್ಲಿಸಿ, ಯಾವ ಸಾಲಿನವರೆಗೆ ಇದು ಸರಿ ಎಂದು ಕೇಳುತ್ತಿದ್ದರು. ಎಲ್ಲಿ ತಪ್ಪಾಯಿತು ಎಂದು ಕೇಳಿದ್ದು ನನಗೆ ನೆನಪಿಲ್ಲ. ಇದನ್ನು ಗುಂಪಿನಲ್ಲಿ ಬರೆದಾಗ ಇಬ್ಬರು ಒಪ್ಪಿದರು, ಒಬ್ಬಳು ಒಪ್ಪಲಿಲ್ಲ. ವಿಶ್ಲೇಷಣಾತ್ಮಕ ರೇಖಾಗಣಿತದಲ್ಲಿ ಅವರು ಹಾಗೆ ಮಾಡುತ್ತಿರಲಿಲ್ಲ, ತಾವೇ ಮೊದಲು ಚಿತ್ರ ಬರೆದು ಸಮೀಕರಣವನ್ನು ನಮ್ಮಿಂದ ಹೇಳಿಸುತ್ತಿದ್ದರು ಎಂದಳು. ಆ ದಿನದ ಸಂದೇಶಗಳಲ್ಲಿ ಮೇಷ್ಟ್ರು ನನಗೆ ಕಣ್ಣಿಗೆ ಕಟ್ಟಿದ್ದು ಆ ಜಗಳದಲ್ಲಿ ಮಾತ್ರ.

ಅವರ ಹೆಸರಿನಲ್ಲಿ ದತ್ತಿನಿಧಿಯೊಂದನ್ನು ಇಡಲು ಗೆಳೆಯರು ಹಣ ಕೂಡಿಸುತ್ತಿದ್ದಾರೆ, ನಾನೂ ಕೊಟ್ಟಿದ್ದೇನೆ. ಜೊತೆಗೆ ಒಂದು ಬೇಡಿಕೆ ಇಟ್ಟೆ: ನುಡಿನಮನದ ದಿನ ಯಾರ ಮನೆಯಲ್ಲಾದರೂ ಹಳೆಯ ನೋಟ್ಸ್ ಪುಸ್ತಕ ಉಳಿದಿದ್ದರೆ ತರಲಿ, ನಾಲ್ಕೈದು ಜನ ಅವರ ಒಂದೊಂದು ಪಾಠವನ್ನು ಬೋರ್ಡಿನ ಮೇಲೆ ಮಾಡಿ ತೋರಿಸಲಿ, ಅದನ್ನು ವಿಡಿಯೊ ಮಾಡಿ ಈಗ ಆ ಕಾಲೇಜಿನಲ್ಲಿ ಗಣಿತ ಕಲಿಸುತ್ತಿರುವವರಿಗೆ ಕೊಡೋಣ. ಸಮಿತಿಯವರು ಸಂತೋಷದಿಂದ ಒಪ್ಪಿದ್ದಾರೆ. ಭಾವಚಿತ್ರದ ಅನಾವರಣ, ಶಾಸಕರ ಭಾಷಣ, ಕುಟುಂಬದವರಿಗೆ ಗೌರವಾರ್ಪಣೆ, ಇವೆಲ್ಲ ಆದ ಮೇಲೆ, ಊಟಕ್ಕೆ ಮೊದಲು ಸಮಯ ಉಳಿದರೆ ನಮಗೆ ಹದಿನೈದು ನಿಮಿಷ ಕೊಡುತ್ತಾರಂತೆ.